ಉದ್ಯೋಗಶಾಲೆಯಲ್ಲಿ ಗುರುಶಿಷ್ಯಭಾವ



ಗುರುವೆಂದೊಡನೆ ಮಠದ ಗದ್ದುಗೆಯೂ ಪಾಠಶಾಲೆಯ ಪೀಠವೂ ಕಣ್ಣಿಗೆ ಕಟ್ಟುವುವು. ಕಚೇರಿ, ಕಾರ್ಖಾನೆ, ಅಂಗಡಿ, ಪ್ರಯೋಗಶಾಲೆಗಳಲ್ಲಿಯೂ ಗುರುಗಳುಂಟು, ಶಿಷ್ಯರುಂಟು ಎಂಬುದನ್ನು ಜನರು ಬೇಗನೆ ಮರೆಯುತ್ತಾರೆ. ಮನುಷ್ಯನ ಆಯುಷ್ಯದ ಹೆಚ್ಚಿನ ಭಾಗವು ಕಳೆಯುವುದು ಶಾಲೆಯಲ್ಲಲ್ಲ, ಕೆಲಸದ ಮನೆಯಲ್ಲಿ. ಅಲ್ಲಿ ಹೊಸದಾಗಿ ಬಂದ ಹುಡುಗನಿಗೆ ಹಿರಿಯನು ಕೆಲಸವನ್ನು ಮಾತ್ರ ಒಪ್ಪಿಸುವನೋ, ಕಸುಬನ್ನೂ ಒಪ್ಪಿಸುವನೋ ಎಂಬುದರ ಮೇಲೆ ಆ ಹುಡುಗನ ಬಾಳಲ್ಲದೆ ಆ ಸಂಸ್ಥೆಯ ಬಾಳೂ ನಿಂತಿರುತ್ತದೆ. ಕಿರಿಯನು ತನ್ನ ಭುಜದ ಮಟ್ಟಕ್ಕೆ ಬೆಳೆಯುವವರೆಗೆ ಸಂತೋಷಪಡುವ ಹಿರಿಯರು ಬಹು ಮಂದಿ. ತಲೆಯ ಮಟ್ಟವನ್ನು ಮೀರಿದ ಮೇಲೂ ಸಂತೋಷಪಡುವವರು ವಿರಳ. ಇದಕ್ಕೆ ಇಂಗ್ಲೆಂಡ್ ದೇಶದ ಇಬ್ಬರು ವಿಜ್ಞಾನಿಗಳ ಚರಿತ್ರೆಗಿಂತ ಸ್ಪಷ್ಟವಾದ ನಿದರ್ಶನವು ದೊರೆಯುವುದು ಕಷ್ಟ.

ಮೈಕೇಲ್ ಫ್ಯಾರಡೆಯು 1791ರಲ್ಲಿ ಲಂಡನ್ನಿನ ಬಳಿ ಒಬ್ಬ ಬಡ ಕಮ್ಮಾರನ ಮಗನಾಗಿ ಹುಟ್ಟಿದನು. ಹದಿಮೂರನೆಯ ವಯಸ್ಸಿನಲ್ಲಿ ರೀಬೋ ಎಂಬ ಪುಸ್ತಕವ್ಯಾಪಾರಿಯ ಅಂಗಡಿಯನ್ನು ಸೇರಿ, ಮೊದಲು ವರ್ತಮಾನಪತ್ರಗಳನ್ನು ಮನೆಮನೆಗೆ ಮುಟ್ಟಿಸುತ್ತಿದ್ದು, 1805ರಲ್ಲಿ ಏಳು ವರ್ಷಗಳ ಕರಾರಿನಿಂದ ಪುಸ್ತಕ ಕಟ್ಟುವ ಕಸುಬಿಗೆ ನಿಂತನು. ಹೀಗೆ ಕಸುಬು ಕಲಿಯುವವರು ಯಜಮಾನನಿಗೆ ಹಣ ತೆರುವುದು ಆ ದೇಶದ ರೂಢಿಯಾಗಿದ್ದರೂ, ಹುಡುಗನ ನಿಷ್ಠೆಯನ್ನು ಕಂಡಿದ್ದ ರೀಬೋನು ಅದನ್ನು ಬೇಡಲಿಲ್ಲ. ಕಟ್ಟಲು ಬಂದ ಪುಸ್ತಕಗಳನ್ನು ಹುಡುಗನು ಓದುತ್ತ ಕುಳಿತರೆ ಗದರಿಸಲೂ ಇಲ್ಲ. ವಿಶ್ವಕೋಶದಲ್ಲಿಯ ವಿದ್ಯುತ್ತಿನ ಲೇಖನವೂ, ಮಾರ್ಸೆಟ್ ಎಂಬ ವಿದುಷಿಯು ರಸಾಯನಶಾಸ್ತ್ರದ ಮೇಲೆ ಬರೆದ ಸಂವಾದಗ್ರಂಥವೂ ಫ್ಯಾರಡೆಗೆ ದೊರೆತದ್ದು ಹೀಗೆಯೇ. ವಿಜ್ಞಾನದ ಚರಿತ್ರೆಯಲ್ಲಿ ರೀಬೋನಿಗೆ ಒಂದೆರಡು ಸಾಲುಗಳಷ್ಟೇ ಸ್ಥಳವುಂಟು. ಆದರೂ ಮೊದಲನೆಯ ಗುರುವು ಅವನೇ.

ಗುರುವೊಬ್ಬನಿಂದಲೇ ಯಾರೂ ಬೆಳೆಯುವುದಿಲ್ಲ, ಸರೀಕರ ಸಂಗವೂ ಬೇಕು. ಟೇಟಮ್ ಎಂಬವನು ತನ್ನ ಮನೆಯಲ್ಲಿ ವಿಜ್ಞಾನದ ಉಪನ್ಯಾಸಗಳನ್ನು ಕೊಡುತ್ತಿದ್ದನು. ಒಂದೊಂದಕ್ಕೆ ಒಂದು ಶಿಲಿಂಗ್ ಶುಲ್ಕ. ಕಮ್ಮಾರಿಕೆ ಮಾಡುತ್ತಿದ್ದ ಅಣ್ಣ ರಾಬರ್ಟನು ತಮ್ಮನಿಗಾಗಿ ಆ ಶಿಲಿಂಗನ್ನು ಕೊಡುತ್ತಿದ್ದನು. ಅಲ್ಲಿ ಕೂಡುತ್ತಿದ್ದ ತರುಣರಲ್ಲಿ ಮಗ್ರಾತ್ ಎಂಬ ಗೆಳೆಯನು ವಾರಕ್ಕೊಮ್ಮೆ ಕುಳಿತು ಫ್ಯಾರಡೆಯ ಭಾಷೆಯನ್ನೂ ಉಚ್ಚಾರವನ್ನೂ ತಿದ್ದುತ್ತಿದ್ದನು. ಹೀಗೆ ಏಳು ವರ್ಷಗಳ ಕಾಲ! ಅಂಗಡಿಗೆ ಬರುತ್ತಿದ್ದ ಡ್ಯಾನ್ಸ್ ಎಂಬ ಗೃಹಸ್ಥನು 1812ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳಿಗೆ ಚೀಟಿಗಳನ್ನು ಕೊಟ್ಟನು. ದೊಡ್ಡವರ ಪರಿಚಯ ಮಾಡಿಕೊಳ್ಳುವುದೇ ಒಂದು ವಿದ್ಯೆಯೆಂದೂ, ವಿಳಾಸದ ಚೀಟಿಗಳನ್ನು ಹಂಚುತ್ತ ಹೋದರೆ ಬಾಗಿಲುಗಳು ತಾವಾಗಿ ತೆರೆಯುವುವೆಂದೂ ಈಗಿನ ಕಾಲದಲ್ಲಿ ಬೋಧಿಸುವವರುಂಟು. ಫ್ಯಾರಡೆಯು ಮೊದಲು ರಾಯಲ್ ಸೊಸೈಟಿಯ ಅಧ್ಯಕ್ಷನಿಗೆ ಬರೆದ ಬರಿಯ ವಿನಂತಿಪತ್ರಕ್ಕೆ ಉತ್ತರವೇ ಬರಲಿಲ್ಲ. ಡೇವಿಗೆ ಬರೆದಾಗ ಆತನು ಪತ್ರದೊಡನೆ ಆ ನಾಲ್ಕು ಉಪನ್ಯಾಸಗಳನ್ನು ಚಿತ್ರಸಹಿತ ವಿಸ್ತರಿಸಿ ಬರೆದು, ತಾನೇ ಕಟ್ಟಿದ ಸುಮಾರು 300 ಪುಟಗಳ ಪುಸ್ತಕವನ್ನೂ ಕಳಿಸಿದನು. ಅದಕ್ಕೆ ಉತ್ತರ ಬಂದಿತು.

ಡೇವಿಯೂ ಸಿರಿವಂತರ ಮನೆಯಲ್ಲಿ ಹುಟ್ಟಿದವನಲ್ಲ. ಮರದ ಕೆತ್ತನೆಯವನ ಮಗನಾಗಿ, ಪೆನ್ಜಾನ್ಸ್ ಎಂಬ ದೂರದ ಊರಿನ ವೈದ್ಯನ ಕೈಕೆಳಗೆ ಕಸುಬು ಕಲಿಯುತ್ತಿದ್ದವನನ್ನು ಡೇವಿಸ್ ಗಿಡ್ಡಿ ಎಂಬ ಗೃಹಸ್ಥನು ಗುರುತಿಸಿ ಬೆಡೋಸ್ ಎಂಬ ವೈದ್ಯನಿಗೆ ಶಿಫಾರಸು ಮಾಡಿದನು. ಅದರಿಂದ 1798ರಲ್ಲಿ ಬ್ರಿಸ್ಟಲ್ಲಿನ ಪ್ರಯೋಗಶಾಲೆಯೂ, 1801ರಲ್ಲಿ ಲಂಡನ್ನಿನ ಕೀರ್ತಿಯೂ ಆತನಿಗೆ ಲಭಿಸಿದುವು. ಹಿರಿಯರು ಎತ್ತಿದ್ದರಿಂದ ಎದ್ದವನು ಇನ್ನೊಬ್ಬನನ್ನು ಎತ್ತಿದುದು ಯೋಗ್ಯವೇ ಆಯಿತು. ಮೊದಲು ಡೇವಿಯು, ವಿಜ್ಞಾನವು ಕಠಿಣಳಾದ ಒಡತಿ, ಪುಸ್ತಕ ಕಟ್ಟುವ ಕೆಲಸವನ್ನು ಬಿಡಬೇಡವೆಂದು ಬುದ್ಧಿ ಹೇಳಿದನು. ಅಷ್ಟರಲ್ಲಿ ಪ್ರಯೋಗಶಾಲೆಯ ಸಹಾಯಕನು ಜಗಳ ತೆಗೆದು ಕೆಲಸ ಕಳೆದುಕೊಳ್ಳಲು, 1813ರ ಮಾರ್ಚ್ 1ರಂದು ಫ್ಯಾರಡೆಗೆ ಆ ಸ್ಥಾನವು ಸಿಕ್ಕಿತು: ವಾರಕ್ಕೆ 25 ಶಿಲಿಂಗ್, ಮಾಳಿಗೆಯ ಮೇಲೆ ಎರಡು ಕೋಣೆ, ಇದ್ದಿಲು, ಮೇಣದ ಬತ್ತಿ.

ಅದೇ ವರ್ಷದ ಅಕ್ಟೋಬರಿನಲ್ಲಿ ಡೇವಿಯು ಪತ್ನೀಸಮೇತನಾಗಿ ಯುರೋಪಿನ ಪ್ರವಾಸಕ್ಕೆ ಹೊರಟನು. ಫ್ರಾನ್ಸಿನೊಡನೆ ಯುದ್ಧ ನಡೆದಿದ್ದುದರಿಂದ ಆತನ ಮನೆಯ ಸೇವಕನು ಬರಲೊಲ್ಲೆನೆಂದನು. ಪ್ಯಾರಿಸಿನಲ್ಲಿ ಬೇರೊಬ್ಬನು ಸಿಗುವವರೆಗೆ ಆ ಕೆಲಸವನ್ನೂ ಫ್ಯಾರಡೆಯೇ ನೋಡಿಕೊಳ್ಳಬೇಕೆಂದಾಯಿತು. ಬೇರೊಬ್ಬನು ಸಿಗಲೇ ಇಲ್ಲ. ಡೇವಿಯ ಪತ್ನಿಯು ತರುಣನನ್ನು ಆಳಿನಂತೆ ಕಂಡಳು. ಜಿನೀವಾದಲ್ಲಿ ಅತಿಥೇಯನಾದ ಡಿ ಲಾ ರೀವನು, ವಿಜ್ಞಾನಿಯ ಸಹಾಯಕನು ಆಳುಗಳ ಪಂಕ್ತಿಯಲ್ಲಿ ಉಣ್ಣುವುದನ್ನು ಸಹಿಸಲಿಲ್ಲವೆಂದು ಹೇಳುತ್ತಾರೆ. ಫ್ಯಾರಡೆಯು ಬೇಸತ್ತು ಮನೆಗೆ ಹಿಂದಿರುಗಲು ಯೋಚಿಸಿದ್ದೂ ಉಂಟು. ಆದರೆ ಅದೇ ಪ್ರವಾಸದಲ್ಲಿ ಆತನು ಪ್ಯಾರಿಸಿನಲ್ಲಿ ಆಂಪಿಯರನನ್ನೂ, ಮಿಲಾನಿನಲ್ಲಿ ವೃದ್ಧ ವೋಲ್ಟನನ್ನೂ ಕಂಡನು. ಫ್ಲಾರೆನ್ಸಿನಲ್ಲಿ ಸೂರ್ಯಕಿರಣಗಳನ್ನು ದೊಡ್ಡ ಮಸೂರದಿಂದ ಒಟ್ಟುಗೂಡಿಸಿ ವಜ್ರವನ್ನು ಸುಟ್ಟ ಪ್ರಯೋಗದಲ್ಲಿ ಕೈಜೋಡಿಸಿದನು. ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ಹತ್ತದವನಿಗೆ ಈ ಒಂದೂವರೆ ವರ್ಷವೇ ವಿಶ್ವವಿದ್ಯಾಲಯವಾಯಿತು. ಅವಮಾನವೂ ವಿದ್ಯೆಯೂ ಒಂದೇ ಕೈಯಿಂದ ಬಂದುವು. 1815ರಲ್ಲಿ ಹಿಂದಿರುಗಿದ ಮೇಲೆ ಡೇವಿಯು ತನ್ನ ಗಣಿದೀಪದ ಕೆಲಸದಲ್ಲಿ ಫ್ಯಾರಡೆಯ ಸಹಾಯವನ್ನು ಅಚ್ಚಿನಲ್ಲಿಯೇ ಸ್ಮರಿಸಿದನು. 1816ರಲ್ಲಿ ಟಸ್ಕನಿಯ ಸುಣ್ಣದ ಪೃಥಕ್ಕರಣವನ್ನು ಆತನಿಗೆ ಒಪ್ಪಿಸಿ, ಅವನ ಮೊದಲನೆಯ ಲೇಖನವು ಪ್ರಕಟವಾಗುವಂತೆ ಮಾಡಿದನು.

ಇಲ್ಲಿಯವರೆಗೆ ಎಲ್ಲವೂ ಸರಿ. 1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡನು ವಿದ್ಯುತ್ ಪ್ರವಾಹವು ಸೂಜಿಗಲ್ಲಿನ ಮುಳ್ಳನ್ನು ಸರಿಸುವುದೆಂದು ತೋರಿಸಿದನು. ವುಲಾಸ್ಟನ್ ಎಂಬ ಹಿರಿಯ ವಿಜ್ಞಾನಿಯು ತಂತಿಯೊಂದು ತನ್ನ ಸುತ್ತ ತಾನೇ ತಿರುಗುವಂತೆ ಮಾಡಬಹುದೆಂದು ಎಣಿಸಿ, ಡೇವಿಯೊಡನೆ ಪ್ರಯತ್ನಿಸಿ ವಿಫಲನಾದನು. 1821ರ ಸೆಪ್ಟೆಂಬರಿನಲ್ಲಿ ಫ್ಯಾರಡೆಯು ಬೇರೊಂದು ಬಗೆಯಿಂದ, ತಂತಿಯು ಅಯಸ್ಕಾಂತದ ಸುತ್ತ ತಿರುಗುವಂತೆ ಮಾಡಿ, ಒಡನೆ ಪ್ರಕಟಿಸಿದನು. ಈಗಿನ ವಿದ್ಯುತ್ ಮೋಟಾರುಗಳಿಗೆ ಮೂಲವು ಅದೇ. ಆದರೆ ಲೇಖನದಲ್ಲಿ ವುಲಾಸ್ಟನ್ನನ ಹೆಸರಿರಲಿಲ್ಲ. ಕೇಳಲು ಹೋದಾಗ ಆತನು ಊರಲ್ಲಿರಲಿಲ್ಲವೆಂಬುದು ನಿಜವಾದರೂ, ಅವಸರವು ಫ್ಯಾರಡೆಯ ತಪ್ಪೇ. ಕದ್ದನೆಂಬ ಗುಸುಗುಸು ಹಬ್ಬಿತು. ಆ ಅಪವಾದವನ್ನು ಒಂದೇ ಮಾತಿನಿಂದ ಅಳಿಸಬಲ್ಲವನು ಡೇವಿಯೊಬ್ಬನೇ. ಆತನು ಆ ಮಾತನ್ನು ಆಡಲಿಲ್ಲ. 1823ರಲ್ಲಿ ಫ್ಯಾರಡೆಯು ಕ್ಲೋರಿನ್ ಅನಿಲವನ್ನು ದ್ರವವಾಗಿಸಿದಾಗಲೂ ಡೇವಿಯು ತನ್ನ ಸೂಚನೆಯ ಪಾಲನ್ನು ಬರೆಸಿಕೊಳ್ಳಲು ಮರೆಯಲಿಲ್ಲ.

ಅದೇ ವರ್ಷ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಫ್ಯಾರಡೆಯ ಹೆಸರು ಸೂಚಿತವಾಯಿತು. ಸೂಚನೆಯ ಮೇಲಿನ ಮೊದಲನೆಯ ಸಹಿ ವುಲಾಸ್ಟನ್ನನದು! ಯಾರಿಗೆ ಅನ್ಯಾಯವಾಯಿತೆಂದು ಊರೆಲ್ಲ ಆಡಿಕೊಳ್ಳುತ್ತಿತ್ತೋ ಆತನೇ ಸಹಿ ಮಾಡಿದನು. ಅಧ್ಯಕ್ಷಪೀಠದಲ್ಲಿದ್ದ ಡೇವಿಯು ಸೂಚನೆಯನ್ನು ತೆಗೆಸಬೇಕೆಂದು ಶಿಷ್ಯನನ್ನು ಒತ್ತಾಯಿಸಿದನು. ತಾನು ಹಾಕಿಸದ ಸೂಚನೆಯನ್ನು ತಾನು ತೆಗೆಸಲಾರೆನೆಂದು ಶಿಷ್ಯನು ಉತ್ತರವಿತ್ತನು. 1824ರ ಜನವರಿ 8ರಂದು ಗುಪ್ತಮತ ನಡೆದು ಫ್ಯಾರಡೆಯು ಆರಿಸಲ್ಪಟ್ಟಾಗ ವಿರೋಧವಾಗಿ ಬಿದ್ದುದು ಒಂದೇ ಕಪ್ಪು ಗುಂಡು. ಅದು ಯಾರದೆಂದು ಬರೆದಿಡುವ ಪದ್ಧತಿಯಿಲ್ಲ.

ಡೇವಿಯನ್ನು ದುಷ್ಟನೆಂದು ಬಗೆಯುವುದು ಸುಲಭ, ಆದರೆ ಸರಿಯಲ್ಲ. ಮರುವರ್ಷ, 1825ರಲ್ಲಿ, ಫ್ಯಾರಡೆಯನ್ನು ಪ್ರಯೋಗಶಾಲೆಯ ನಿರ್ದೇಶಕನನ್ನಾಗಿ ಮಾಡಬೇಕೆಂದು ಶಿಫಾರಸು ಮಾಡಿದವನೂ ಡೇವಿಯೇ. ಕೈಕೆಳಗಿನವನಾಗಿ ಶಿಷ್ಯನು ಏರುವುದು ಆತನಿಗೆ ಸಮ್ಮತವಾಗಿತ್ತು. ಸರಿಸಮಾನನಾಗಿ ಪಕ್ಕದ ಕುರ್ಚಿಯಲ್ಲಿ ಕೂಡುವುದು ಸಮ್ಮತವಾಗಲಿಲ್ಲ. ಈ ಭೇದವು ಸೂಕ್ಷ್ಮವಾದುದು. ಇಂದಿನ ಕಚೇರಿಗಳಲ್ಲಿಯೂ ಇದು ದಿನನಿತ್ಯವೂ ಕಾಣುವಂಥದು.

ಫ್ಯಾರಡೆಯು ಹಿರಿಯನಾದಾಗ ಹೇಗೆ ನಡೆದನು? 1826ರಿಂದ ಶುಕ್ರವಾರದ ಸಂಜೆಯ ಉಪನ್ಯಾಸಗಳನ್ನು ಆರಂಭಿಸಿ ಇತರ ವಿದ್ವಾಂಸರಿಗೂ ವೇದಿಕೆಯನ್ನು ಕೊಟ್ಟನು. 1845ರಲ್ಲಿ ವಿಲಿಯಂ ಥಾಮ್ಸನ್ ಎಂಬ ಇಪ್ಪತ್ತೊಂದು ವರ್ಷದ ತರುಣನು ಪತ್ರದಲ್ಲಿ ಕೇಳಿದ ಪ್ರಶ್ನೆಯನ್ನು ಹುಡುಗಾಟವೆಂದು ತಳ್ಳದೆ ಮತ್ತೆ ಪ್ರಯೋಗಕ್ಕೆ ಕೈಹಚ್ಚಿ, ಅಯಸ್ಕಾಂತವು ಬೆಳಕಿನ ಮೇಲೆ ಪರಿಣಾಮ ಮಾಡುವುದನ್ನು ಅದೇ ವರ್ಷ ಕಂಡುಹಿಡಿದನು. ತಾನು ಗಣಿತವನ್ನು ಬಲ್ಲವನಲ್ಲದಿದ್ದರೂ, ತನ್ನ ಬಲರೇಖೆಗಳನ್ನು ಗಣಿತಕ್ಕೆ ಅಳವಡಿಸಿದ ತರುಣ ಮ್ಯಾಕ್ಸ್‌ವೆಲ್ಲನಿಗೆ 1857ರಲ್ಲಿ ಸಂತೋಷದಿಂದ ಬರೆದನು. ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಅನೇಕ ವರ್ಷ ಜೊತೆಗಿದ್ದ ಸಹಾಯಕ ಆಂಡರ್ಸನ್ನನು ಹಳೆಯ ಸಿಪಾಯಿ, ಹೇಳಿದಷ್ಟು ಮಾಡುವವನು. ಒಮ್ಮೆ ಮನೆಗೆ ಹೋಗೆಂದು ಹೇಳಲು ಫ್ಯಾರಡೆಯು ಮರೆತುದರಿಂದ ಬೆಳಗಿನವರೆಗೂ ಕುಲುಮೆಯನ್ನು ಉರಿಸುತ್ತ ನಿಂತಿದ್ದನಂತೆ. ಡೇವಿಯ ಪ್ರಯೋಗಶಾಲೆಯಿಂದ ಒಬ್ಬ ಫ್ಯಾರಡೆಯು ಹೊರಬಂದನು. ಫ್ಯಾರಡೆಯ ಪ್ರಯೋಗಶಾಲೆಯಿಂದ ಅಂಥ ಇನ್ನೊಬ್ಬನು ಹೊರಬರಲಿಲ್ಲ.

ಡೇವಿಯು 1829ರಲ್ಲಿ ಜಿನೀವಾದಲ್ಲಿ ತೀರಿಕೊಂಡನು. ಆತನ ಕೈಬರಹವು ಓದಲು ಕಷ್ಟವಾದುದು. ಕರಡುಗಳನ್ನು ಶುದ್ಧಪ್ರತಿ ಮಾಡುವ ಕೆಲಸವು ಮೊದಲಿಗೆ ಫ್ಯಾರಡೆಯ ಪಾಲಿನದಾಗಿತ್ತು. ಪ್ರತಿಯಾದ ಮೇಲೆ ಹರಿದುಹೋಗಬೇಕಾಗಿದ್ದ ಆ ಕರಡು ಹಾಳೆಗಳನ್ನು ಆ ತರುಣನು ಬೇಡಿ ಪಡೆದಿದ್ದನು. ಗುರುವಿನೊಡನೆ ಮನಸ್ತಾಪವಾದ ಮೇಲೂ, ಗುರುವು ಗತಿಸಿದ ಮೇಲೂ ಅವು ಎರಡು ಸಂಪುಟಗಳಾಗಿ ಕಟ್ಟಲ್ಪಟ್ಟು ಅವನ ಬಳಿಯಲ್ಲಿಯೇ ಇದ್ದುವು.