ಗಾಯ ಮಾಯುವ ಮೊದಲು



ಇವತ್ತು ನಾವು ಆಡುವ ಮಾತು ಸ್ವಲ್ಪ ಕಠಿಣ. ಮನೆಯೊಳಗೂ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಒಬ್ಬ ಹೆಣ್ಣುಮಗಳ ಮೇಲೆ ಅತ್ಯಾಚಾರ ಆಯಿತು ಅನ್ನಿ. ನಾವು ಮೊದಲು ಏನು ಮಾಡುತ್ತೇವೆ? ನೀರು ಕಾಯಿಸಿ ಮೈ ತೊಳೆಸುತ್ತೇವೆ. ಸೀರೆ ನೆನೆ ಹಾಕುತ್ತೇವೆ. "ಸುಮ್ಮನಿರವ್ವಾ, ಮರ್ಯಾದಿ ಹೋಗತೈತಿ" ಅನ್ನುತ್ತೇವೆ. ಪ್ರೀತಿಯಿಂದಲೇ ಮಾಡುತ್ತೇವೆ, ಖರೆ. ಆದರೆ ಆ ನೀರಿನ ಜೊತೆ ಸಾಕ್ಷಿಯೂ ಹರಿದು ಹೋಗತೈತಿ.

ಮೈಮೇಲಿನ ಗಾಯವೂ ಒಂದು ಸಾಕ್ಷಿ. ಅದು ಬಹಳ ದಿನ ಕಾಯುವುದಿಲ್ಲ. ಉಗುರಿನ ಗೀರು ಮಾಯುತ್ತದೆ. ಬಾಸುಂಡೆ ಇಳಿಯುತ್ತದೆ. ಕೋರ್ಟಿನಲ್ಲಿ ಕೇಸು ನಡೆಯುವ ಹೊತ್ತಿಗೆ ಮೈಮೇಲೆ ಏನೂ ಉಳಿದಿರುವುದಿಲ್ಲ. ಅದಕ್ಕೇ ದವಾಖಾನೆಯಲ್ಲಿ ಬರೆದಿಡಬೇಕು, ಫೋಟೋ ತೆಗೆದಿಡಬೇಕು.

ಅಮೆರಿಕ ದೇಶದಲ್ಲಿ ಈ ಕೆಲಸಕ್ಕೆ ತರಬೇತಾದ ನರ್ಸಮ್ಮಗಳೇ ಇದ್ದಾರೆ. ಮೆಂಫಿಸ್ ಎಂಬ ಊರಿನಲ್ಲಿ 1976ರಲ್ಲೇ ಶುರುವಾಯಿತು. ನಮ್ಮಲ್ಲಿ ಪರೀಕ್ಷೆ ಮಾಡುವವರು ಡಾಕ್ಟರು. ನರ್ಸಮ್ಮ ಪಕ್ಕದಲ್ಲಿದ್ದು ನೆರವಾಗುತ್ತಾಳೆ. 2021ರ ಹೊಸ ಪಠ್ಯದಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದುವವರಿಗೂ ಈ ಪಾಠ ಸೇರಿದೆ.

ಫೋಟೋ ಹೇಗೆ ತೆಗೆಯುತ್ತಾರೆ? ಮೊದಲು ದೂರದಿಂದ ಒಂದು. ಗಾಯ ತೋಳಿನಲ್ಲೋ ಬೆನ್ನಿನಲ್ಲೋ ತಿಳಿಯಲಿ ಅಂತ. ಆಮೇಲೆ ಹತ್ತಿರದಿಂದ. ಮತ್ತೊಂದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಮಕ್ಕಳ ಪಾಟಿಚೀಲದಾಗ ಇರತೈತಲ್ಲ, ಅಂಥಾದ್ದು. ಗಾಯ ಎಷ್ಟು ಉದ್ದ ಅಂತ ಜಡ್ಜ್ ಸಾಹೇಬರಿಗೆ ಗೊತ್ತಾಗಬೇಕಲ್ಲ! ಕೆಲವು ಪೆಟ್ಟು ಮೊದಲ ದಿನ ಕಾಣುವುದೇ ಇಲ್ಲ. ಒಂದೆರಡು ದಿನಕ್ಕೆ ನೀಲಿಯಾಗಿ ಎದ್ದು ಕಾಣುತ್ತದೆ. ಆಗ ಮತ್ತೆ ಹೋಗಿ ತೋರಿಸಬೇಕು. ಫೋಟೋ ಇರಲಿ ಬಿಡಲಿ, ಡಾಕ್ಟರು ಗಾಯದ ಜಾಗ, ಅಳತೆ, ಬಣ್ಣ ಎಲ್ಲ ಬರೆಯಲೇಬೇಕು.

ಫೋಟೋ ಅಂದ ಕೂಡಲೆ ಎದೆ ನಡುಗುತ್ತದೆ. ಊರಮಂದಿ ಮೊಬೈಲಿಗೆ ಬಂದರೆ? ಆ ಫೋಟೋ ಕೇಸಿನ ಕಾಗದದ ಜೊತೆ ಮಾತ್ರ ಇರಬೇಕು. ಆಕೆಯ ಹೆಸರು, ಗುರುತು ಬಯಲು ಮಾಡುವುದು ಅಪರಾಧ. ಆಕೆ ಒಪ್ಪದೆ ಫೋಟೋ ಇಲ್ಲ, ಪರೀಕ್ಷೆಯೂ ಇಲ್ಲ. ಸಣ್ಣ ಮಗುವಾದರೆ ತಂದೆ ತಾಯಿ ಒಪ್ಪಬೇಕು. "ಔಷಧ ಕೊಡ್ರಿ, ಫೋಟೋ ಬ್ಯಾಡ" ಅಂತಲೂ ಅನ್ನಬಹುದು. ಹಾಗಂದರೆ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ನಾವು ಕಲಿತ ಅಕ್ಷರ ಇಲ್ಲಿ ಬೇಕಾಗುತ್ತದೆ. ಒಪ್ಪಿಗೆ ಕಾಗದ ಮುಂದೆ ಇಟ್ಟಾಗ ಗಡಿಬಿಡಿಯಲ್ಲಿ ಹೆಬ್ಬೆಟ್ಟು ಒತ್ತಬ್ಯಾಡ್ರಿ. ಓದ್ರಿ. ತಿಳಿಯದ ಶಬ್ದ ಇದ್ದರೆ "ಬಿಡಿಸಿ ಹೇಳ್ರಿ" ಅನ್ರಿ. ಯಾವುದಕ್ಕೆ ಒಪ್ಪಿದ್ದೇವೆ ಅಂತ ಗೊತ್ತಾದ ಮೇಲೆ ಸಹಿ ಮಾಡ್ರಿ. ವರದಿಯ ಒಂದು ಪ್ರತಿ ಕೇಳ್ರಿ. ಅದನ್ನು ಪುಕ್ಕಟೆ ಕೊಡಬೇಕು ಅಂತ ಕೇಂದ್ರ ಆರೋಗ್ಯ ಇಲಾಖೆ 2014ರಲ್ಲೇ ಹೇಳಿದೆ.

ಗಾಯವೇ ಇಲ್ಲದಿದ್ದರೆ ಆಕೆ ಸುಳ್ಳು ಹೇಳುತ್ತಾಳೆಯೆ? ಇಲ್ಲ. ಹೆದರಿದವರ ಕೈಕಾಲು ಕಲ್ಲಾಗುತ್ತದೆ. ಚಾಕು ತೋರಿಸಿದಾಗ ಯಾರು ಸೆಣಸುತ್ತಾರೆ? ಸೆಣಸಲಿಲ್ಲ ಅಂದ ಮಾತ್ರಕ್ಕೆ ಒಪ್ಪಿದಂತಲ್ಲ ಎಂದು 2013ರಿಂದ ಕಾನೂನೇ ಹೇಳುತ್ತದೆ. ಇನ್ನೊಂದು ಮಾತು. ಎರಡು ಬೆರಳಿನ ಪರೀಕ್ಷೆ ಅಂತ ಹಿಂದೆ ಮಾಡುತ್ತಿದ್ದರು. ಅದು ಹೆಣ್ಣಿಗೆ ಎರಡನೆಯ ಅವಮಾನ. ಅದನ್ನು ಮಾಡುವವರು ದುರ್ನಡತೆಯ ತಪ್ಪಿಗೆ ಗುರಿಯಾಗುತ್ತಾರೆ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿತು. ಯಾರಾದರೂ ಮಾಡಲು ಬಂದರೆ "ಬ್ಯಾಡ" ಅನ್ರಿ.

ದವಾಖಾನೆಗೆ ಹೋಗುವಾಗ ಮೈ ತೊಳೆಯಬ್ಯಾಡ್ರಿ. ಬಟ್ಟೆ ಬದಲಿಸಿದ್ದರೆ ಹಳೆಯದನ್ನು ಒಗೆಯದೆ ಕಾಗದದಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್ ಚೀಲ ಬೇಡ, ಹಸಿ ಬಟ್ಟೆ ಅದರೊಳಗೆ ಬೂಜು ಹಿಡಿಯುತ್ತದೆ. ತೊಳೆದುಬಿಟ್ಟಿದ್ದರೂ ಹೋಗಲೇಬೇಕು. ಏಡ್ಸ್ ತಡೆಯುವ ಔಷಧ ಮೂರು ದಿನದೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಬಸಿರು ತಡೆಯುವ ಗುಳಿಗೆಯೂ ಹಾಗೆಯೇ.

ಸರಕಾರಿ ಇರಲಿ, ಖಾಸಗಿ ಇರಲಿ, ಯಾವ ದವಾಖಾನೆಯೂ ರೊಕ್ಕ ಕೇಳುವಂತಿಲ್ಲ. "ಮೊದಲು ಪೊಲೀಸರ ಚೀಟಿ ತರ್ರಿ" ಅಂತ ತಿರುಗಿ ಕಳಿಸುವಂತಿಲ್ಲ. ಪೊಲೀಸರಿಗೆ ತಿಳಿಸುವುದು ದವಾಖಾನೆಯ ಕೆಲಸ. 112ಕ್ಕೆ ಇಲ್ಲವೇ ಮಹಿಳಾ ಸಹಾಯವಾಣಿ 181ಕ್ಕೆ ಫೋನು ಮಾಡ್ರಿ. ಆಕೆಯನ್ನು ಒಬ್ಬಳೇ ಕಳಿಸಬ್ಯಾಡ್ರಿ. ಓದಲು ಬರುವ ಒಬ್ಬರು ಜೊತೆಗೆ ಹೋಗ್ರಿ.