ಲೆಕ್ಕ ನಮ್ಮ ಕೈಯಾಗ ಇರಲಿ

(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತುಗಳು)



ನಮ್ಮ ಅಜ್ಜಂದಿರು ಸಾವುಕಾರನ ವಹಿಯಲ್ಲಿ ಹೆಬ್ಬೆಟ್ಟು ಒತ್ತಿದರು. ಒಳಗೆ ಏನು ಬರೆದಿದೆ ಅಂತ ಅವರಿಗೆ ಗೊತ್ತಿರಲಿಲ್ಲ. ಬಾಬಾಸಾಹೇಬರು 1923ರಲ್ಲಿ ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆ ಕುರಿತೇ ಗ್ರಂಥ ಪ್ರಕಟಿಸಿದರು. ಈಗ ಅಕ್ಕಲಕೋಟ, ಸೊಲ್ಲಾಪುರದಾಗ ನಮ್ಮ ಓಣಿಯ ಮಕ್ಕಳು ಬಿ.ಕಾಂ. ಓದಾಕತ್ತಾರ. ಸಂತೋಷದ ಮಾತು. ಆದರೂ ಒಂದು ಖಾರದ ಮಾತು ಹೇಳಬೇಕು.

ಮೊಬೈಲ್ ನಡೆಸೋದು ಬೇರೆ, ಕಂಪ್ಯೂಟರಿನಲ್ಲಿ ಲೆಕ್ಕ ಬರೆಯೋದು ಬೇರೆ. ಎಕ್ಸೆಲ್ ತೆರೆದು, ಮೊತ್ತವನ್ನು ಕ್ಯಾಲ್ಕುಲೇಟರಿನಾಗ ಕೂಡಿಸಿ ಟೈಪ್ ಮಾಡಿದರೆ ಏನಾಯ್ತು? ನಾಳೆ ಮೇಲಿನ ಒಂದು ಅಂಕಿ ತಿದ್ದಿದರೆ ಕೆಳಗಿನ ಮೊತ್ತ ಹಾಗೇ ಉಳೀತದ. ಸೂತ್ರ ಹಾಕಿದ್ದರೆ ತಾನೇ ಬದಲಾಗ್ತಿತ್ತು. ಟ್ಯಾಲಿಯಲ್ಲಿ ಎಫ್8 ಒತ್ತಿದರೆ ಮಾರಾಟ, ಎಫ್9 ಒತ್ತಿದರೆ ಖರೀದಿ ಅಂತ ಬಾಯಿಪಾಠ ಮಾಡಿದರೆ ಸಾಲದು. ಯಾವ ಖಾತೆಗೆ ಖರ್ಚು, ಯಾವುದಕ್ಕೆ ಜಮಾ ಅನ್ನೋದನ್ನ ನಾವೇ ತಿಳಿದಿರಬೇಕು.

ನಾವು ಗಡಿಯ ಜನ. 2017ರ ಜುಲೈ 1ರಿಂದ ಜಿಎಸ್‌ಟಿ ಬಂತು. ಅದರ ನಂಬರಿನಲ್ಲಿ 15 ಅಕ್ಷರ-ಅಂಕಿ. ಮೊದಲಿನ ಎರಡು ರಾಜ್ಯದ್ದು: ಮಹಾರಾಷ್ಟ್ರ 27, ಕರ್ನಾಟಕ 29. ಸೊಲ್ಲಾಪುರದ ಮಾಲಿಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ. ಕಲಬುರಗಿಯಿಂದ ಇಲ್ಲಿಗೆ ತರಿಸಿದ ಸಿಮೆಂಟಿಗೆ ಐಜಿಎಸ್‌ಟಿ. ಇಷ್ಟು ನೋಡಿ ಬಿಲ್ ನಮೂದಿಸುವ ಹುಡುಗಿಗೆ ಇಲ್ಲಿನ ಅಂಗಡಿಯವರು, ತೆರಿಗೆ ಸಲಹೆಗಾರರು ತಾವಾಗಿ ಕರೆದು ಕೆಲಸ ಕೊಡ್ತಾರ.

ಇನ್ನೊಂದು ಎಚ್ಚರ. ಇವತ್ತಿನ ಹೆಬ್ಬೆಟ್ಟು ಅಂದ್ರ ಓಟಿಪಿ. ‘ತಮ್ಮಾ, ನಿನ್ನ ಪ್ಯಾನ್, ಆಧಾರ್ ಕೊಡು, ಐದು ಸಾವಿರ ತಗೋ’ ಅಂದವರ ಮಾತಿಗೆ ಮರುಳಾಗಬೇಡಿ. ಬಡವರ ಹೆಸರಲ್ಲಿ ಸುಳ್ಳು ವ್ಯಾಪಾರ ನೋಂದಾಯಿಸಿ, ಸುಳ್ಳು ಬಿಲ್ ಹರಿಯುತ್ತಾರ. ನೋಟಿಸು ಬರೋದು ನಿಮ್ಮ ಮನೆಗೆ. ಓದಿದ ನೀವೇ ಮೋಸ ಹೋದರೆ, ಓದದ ನಿಮ್ಮ ಅವ್ವ-ಅಪ್ಪನ್ನ ಕಾಯೋರು ಯಾರು?

ನನ್ನದೊಂದು ಸೂಚನೆ ಅದ. ಭೀಮ ಜಯಂತಿಯ ಪಟ್ಟಿ ಹಣದ ಜಮಾ-ಖರ್ಚನ್ನು ಈ ವರ್ಷ ನಮ್ಮ ಬಿ.ಕಾಂ. ಮಕ್ಕಳೇ ಕಂಪ್ಯೂಟರಿನಲ್ಲಿ ಬರೆಯಲಿ. ದುಡ್ಡಿಲ್ಲದೆ ಸಿಗುವ ಲಿಬ್ರೆಆಫೀಸ್ ಸಾಕು. ಪ್ರತಿ ರಸೀದಿಗೂ ನಂಬರು, ಪೆನ್‌ಡ್ರೈವಿನಾಗ ಒಂದು ಪ್ರತಿ, ಬುದ್ಧವಿಹಾರದ ಗೋಡೆಗೆ ಒಂದು ಪ್ರಿಂಟ್. ತಪ್ಪಿದ್ದರೆ ಹಿರಿಯರು ತೋರಿಸಲಿ, ಮಕ್ಕಳು ತಿದ್ದಲಿ. ಮುಚ್ಚಿದ ವಹಿಯಿಂದ ನಾವು ಕೆಟ್ಟೆವು. ನಮ್ಮ ವಹಿ ಎಲ್ಲರ ಕಣ್ಣೆದುರು ತೆರೆದಿರಲಿ.

ಜೈ ಭೀಮ್!