ಬಿಚ್ಚಿದ ಚೈನ್ ಲಾಕ್ ಮತ್ತೆ ಹಾಕಬಹುದಾ?

ಅಂತರಘಟ್ಟೆ ಅಂದ್ರೆ ಎಲ್ಲರಿಗೂ ದುರ್ಗಾಂಬಾ ಜಾತ್ರೆ, ಎತ್ತಿನ ಗಾಡಿ ನೆನಪಾಗುತ್ತೆ. ನಾನಿವತ್ತು ಮಾತಾಡೋದು ಸೈಕಲ್ ಬಗ್ಗೆ.

ಸರ್ಕಾರ 2006-07ರಿಂದ ಎಂಟನೇ ಕ್ಲಾಸಿನವರಿಗೆ ಕೊಟ್ಟಿತಲ್ಲ, ಆ ಸೈಕಲ್‌ಗಳ ಚೈನ್ ದಪ್ಪ. ಅದರ ಲಾಕ್‌ಗೆ ಮೀನಿನ ಆಕಾರದ ಕ್ಲಿಪ್. ಬಿಚ್ಚಿ ಮತ್ತೆ ಹಾಕಬಹುದು. ಆದ್ರೆ ಕ್ಲಿಪ್‌ನ ಸೀಳಿಲ್ಲದ ತುದಿ ಚೈನ್ ಓಡೋ ದಿಕ್ಕಿಗಿರಬೇಕು. ಕ್ಲಿಪ್ ಸಡಿಲವಾಗಿದ್ರೆ ಎಸೀರಿ, ಹೊಸದಕ್ಕೆ ದೊಡ್ಡ ಖರ್ಚೇನಿಲ್ಲ.

ಗೇರ್ ಸೈಕಲ್ ಕಥೆ ಬೇರೆ. ಹಿಂದೆ 11 ಅಥವಾ 12 ಗೇರ್ ಇದ್ರೆ ಚೈನ್ ತೆಳು, ಕ್ವಿಕ್ ಲಿಂಕ್ ಕೂಡ ತೆಳು. ಪಿನ್ನು ತೂತಿನ ಇಕ್ಕಟ್ಟಿಗೆ ಟಕ್ ಅಂತ ಕೂರುತ್ತೆ. ಬಿಚ್ಚಿದಾಗೆಲ್ಲ ಆ ಅಂಚು ಚೂರು ಸವೆದು ಹಿಡಿತ ಕಮ್ಮಿಯಾಗುತ್ತೆ. ಅದಕ್ಕೇ ಶಿಮಾನೋ ತನ್ನ ಕ್ವಿಕ್ ಲಿಂಕನ್ನ, ಸ್ರ್ಯಾಮ್ ತನ್ನ ಪವರ್‌ಲಾಕನ್ನ ಒಂದೇ ಸಲ ಬಳಸಿ ಅನ್ನುತ್ತವೆ. ಸ್ರ್ಯಾಮ್‌ನದೇ ಹಳೆಯ ಪವರ್‌ಲಿಂಕ್ ಮಾತ್ರ ಮತ್ತೆ ಮತ್ತೆ ಬಿಚ್ಚೋಕೆ ಅಂತಲೇ ಮಾಡಿದ್ದು.

ಇದೆಲ್ಲ ವ್ಯಾಪಾರದ ಮಾತು ಅಂತ ಹಳೇ ಲಿಂಕಲ್ಲೇ ಓಡಿಸೋರು ಬೇಕಾದಷ್ಟು ಜನ. ಸ್ವಲ್ಪ ನಿಜವೂ ಇರಬಹುದು. ಆದ್ರೆ ಏರಿನಲ್ಲಿ ಎದ್ದು ನಿಂತು ತುಳಿಯುವಾಗ ಲಿಂಕ್ ಬಿಟ್ಟುಕೊಂಡ್ರೆ ಮುಂದಕ್ಕೆ ಮುಗ್ಗರಿಸ್ತೀರಿ, ಹಿಂದೆ ಟ್ರ್ಯಾಕ್ಟರ್ ಬರ್ತಿರುತ್ತೆ! ನಾನಂತೂ ಹಾಕಲ್ಲ.

ತೊಳೆಯೋಕೆ ಅಂತ ಚೈನ್ ಬಿಚ್ಚಲೇಬೇಡಿ, ಸೈಕಲ್ ಮೇಲಿದ್ದಂಗೇ ಬ್ರಶ್ ಹಾಕಿ. ಹೊಸ ಲಿಂಕ್ ಒಂದು ಸೀಟಿನ ಬ್ಯಾಗಲ್ಲಿರಲಿ, ಎಲ್ಲ ಅಂಗಡಿಯಲ್ಲೂ ಸಿಗಲ್ಲ. ದಾರಿಯಲ್ಲಿ ಹಳೇದೇ ಗತಿ ಅಂತಾದ್ರೆ, ಕೂತೇ ಮೆಲ್ಲಗೆ ತುಳೀತಾ ಮನೆ ಸೇರಿ, ಆವತ್ತೇ ಬದಲಾಯಿಸಿ.